ಹೊಳೆ ಕಾಯುವ ಗನ್‌ಬೋಟಿಗೆ ಎಷ್ಟು ಬಲ?

ಅಮೆರಿಕದ ಅಂತರ್ಯುದ್ಧವನ್ನು ನಕ್ಷೆಯ ಮೇಲೆ ಆಡುವ ವಾರ್‌ಗೇಮ್‌ಗಳಲ್ಲಿ ತೀರ್ಪು ಹೇಳುವ ಕೆಲಸ ನನ್ನದು. ಅಲ್ಲಿ ಅತಿ ಹೆಚ್ಚು ವಾದ ಏಳುವುದು ಸೈನ್ಯ ನದಿ ದಾಟುವಾಗ. "ಗನ್‌ಬೋಟ್ ಇದೆ, ದಾಟುವ ಹಾಗಿಲ್ಲ" ಎಂಬ ಒಂದು ಸಾಲಿನ ನಿಯಮ ಬರೆಯುವುದು ಸುಲಭ. ಆಟದ ಜೀವ ತೆಗೆಯುವುದೂ ಅದೇ.

1. ಹಡಗು ಎಲ್ಲಿದೆ ಎಂಬುದು ಮೊದಲು ಇತ್ಯರ್ಥವಾಗಲಿ. ನದಿ ನಕ್ಷೆಯ ಹೆಕ್ಸ್‌ಗಳ (ಆರು ಬದಿಯ ಮನೆಗಳ) ಅಂಚಿನಲ್ಲಿ ಹರಿಯುತ್ತದೆ. ಹಡಗಿನ ಬಿಲ್ಲೆಯನ್ನು ಹೆಕ್ಸ್ ಒಳಗಿಟ್ಟರೆ ಅದು ಯಾವ ಅಂಚನ್ನು ಕಾಯುತ್ತಿದೆ? ನಾವು ಅಂಚಿನ ಮೇಲೇ ಇಡುತ್ತೇವೆ.

2. ತಡೆ ಎಂದರೆ ವಿಳಂಬ. ಇದನ್ನು ಕಲಿಸಿದ್ದು 1863ರ ಜುಲೈನಲ್ಲಿ ದಕ್ಷಿಣದ ಕಾನ್ಫೆಡರೇಟ್ ಸೇನಾಧಿಕಾರಿ ಜಾನ್ ಹಂಟ್ ಮಾರ್ಗನ್ ನಡೆಸಿದ ದಾಳಿ. 8ರಂದು ಕೆಂಟಕಿಯ ಬ್ರ್ಯಾಂಡನ್‌ಬರ್ಗ್‌ನಲ್ಲಿ ಅವನ ಕುದುರೆಪಡೆ ವಶಪಡಿಸಿಕೊಂಡ ಎರಡು ಸ್ಟೀಮರ್‌ಗಳಲ್ಲಿ ಓಹಾಯೋ ನದಿ ದಾಟುತ್ತಿತ್ತು. ಉತ್ತರದ ಯೂನಿಯನ್ ಪಕ್ಷದ ಸ್ಪ್ರಿಂಗ್‌ಫೀಲ್ಡ್ ಎಂಬ ಗನ್‌ಬೋಟ್ ಬಂದು ಗುಂಡು ಹಾರಿಸಿತು. ದಂಡೆಯ ತೋಪುಗಳು ಉತ್ತರ ಕೊಟ್ಟವು, ಬೋಟ್ ಹಿಂದೆ ಸರಿಯಿತು, ದಾಟುವಿಕೆ ಮುಂದುವರಿಯಿತು. 18ರ ಸಂಜೆ ವಾಪಸು ದಾಟಲು ಬಫಿಂಗ್ಟನ್ ದ್ವೀಪದ ಬಳಿ ಬಂದಾಗ ಕತ್ತಲಾಗಿತ್ತು. ಎದುರಿಗೆ ಒಂದು ಸಣ್ಣ ಮಣ್ಣುಕೋಟೆ. ಮಾರ್ಗನ್ ಬೆಳಗಿನವರೆಗೆ ಕಾದ. ಬೆಳಿಗ್ಗೆ ನೋಡಿದರೆ ಕೋಟೆ ಖಾಲಿ! ಅಷ್ಟರಲ್ಲಿ ಹಿಂದಿನಿಂದ ಯೂನಿಯನ್ ಕುದುರೆಪಡೆ, ನದಿಯಲ್ಲಿ ಯೂನಿಯನ್ ನೌಕಾಧಿಕಾರಿ ಲೆರಾಯ್ ಫಿಚ್‌ನ 'ಮೂಸ್' ಗನ್‌ಬೋಟ್. ಮಾರ್ಗನ್‌ನ ನೂರಾರು ಜನ ಸೆರೆಸಿಕ್ಕರು. ಒಂದು ರಾತ್ರಿಯ ಬೆಲೆ ಅದು. ಹಾಗಾಗಿ ದಂಡೆಯ ತೋಪಿನ ಬಲವನ್ನು ಬೋಟಿನ ಬಲದೊಂದಿಗೆ ಹೋಲಿಸಿ ಡೈಸ್ ಹಾಕಿಸುತ್ತೇನೆ. ಸೋತ ಸೈನ್ಯ ಒಂದು ಸರದಿ ದಂಡೆಯಲ್ಲೇ ಉಳಿಯುತ್ತದೆ. ಬೆನ್ನಟ್ಟಿ ಬರುವವನಿಗೆ ಆ ಒಂದು ಸರದಿ ಸಾಕು.

3. ನೀರಿನ ಮಟ್ಟವಿಲ್ಲದ ನಕ್ಷೆ ಸುಳ್ಳು ಹೇಳುತ್ತದೆ. ಬಫಿಂಗ್ಟನ್‌ನಲ್ಲಿ ಆ ಜುಲೈನಲ್ಲಿ ನೀರು ಎಂದಿಗಿಂತ ಏರಿದ್ದರಿಂದಲೇ ಗನ್‌ಬೋಟ್ ಅಲ್ಲಿಯವರೆಗೆ ಬಂತು. 1864ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಸೋತ ಕಾನ್ಫೆಡರೇಟ್ ಜನರಲ್ ಹುಡ್‌ನ ಸೈನ್ಯ ಟೆನೆಸೀ ನದಿಯ ಮಸಲ್ ಶೋಲ್ಸ್ ಎಂಬ ಆಳವಿಲ್ಲದ ಬಂಡೆಗಳ ಜಾಗದ ಬಳಿ ದಾಟಿ ಪಾರಾಯಿತು. ಆ ಬಂಡೆಗಳ ನಡುವೆ ಯೂನಿಯನ್ ಹಡಗುಗಳಿಗೆ ಮೇಲೇರಲಾಗಲಿಲ್ಲ. ಅಂಥ ಶೋಲ್ ಇದ್ದಲ್ಲಿ ಹಡಗು ದಾಟದಂತೆ ಕೆಂಪು ಗೆರೆ ಎಳೆಯಿರಿ. ಉಳಿದ ಕಡೆ ಪ್ರತಿ ತಿಂಗಳೂ ಮಟ್ಟಕ್ಕೆ ಡೈಸ್.

4. ರಾತ್ರಿಗೆ ಬೇರೆ ಲೆಕ್ಕ. 1862ರ ಏಪ್ರಿಲ್ 4ರ ರಾತ್ರಿ ಗುಡುಗು ಮಳೆಯಲ್ಲಿ ಯೂನಿಯನ್ ಗನ್‌ಬೋಟ್ 'ಕ್ಯಾರಂಡಲೆಟ್' ಮಿಸಿಸಿಪ್ಪಿ ನದಿಯ ಐಲ್ಯಾಂಡ್ ನಂಬರ್ 10ರ ಕಾನ್ಫೆಡರೇಟ್ ತೋಪುಗಳನ್ನು ದಾಟಿಹೋಯಿತು. ಅದರ ಬೆಂಬಲದಲ್ಲಿ 7ರಂದು ಯೂನಿಯನ್ ಜನರಲ್ ಪೋಪ್‌ನ ಸೈನ್ಯ ಮಿಸಿಸಿಪ್ಪಿ ದಾಟಿತು, ಕಾನ್ಫೆಡರೇಟರಿಗೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಕತ್ತಲಲ್ಲಿ ತೋಪಿನ ಬಲ ಅರ್ಧ ಮಾಡಿ.

5. ತಡೆ ಎದುರಾದವನಿಗೆ ದಂಡೆಗುಂಟ ಸರಿಯಲು ಬಿಡಿ. ನಾನು ಪಟ್ಟುಹಿಡಿಯುವ ನಿಯಮ ಇದು. 1863ರ ಏಪ್ರಿಲ್ 29ರಂದು ಮಿಸಿಸಿಪ್ಪಿ ದಂಡೆಯ ಗ್ರ್ಯಾಂಡ್ ಗಲ್ಫ್‌ನ ಕಾನ್ಫೆಡರೇಟ್ ತೋಪುಗಳನ್ನು ಯೂನಿಯನ್ ನೌಕಾಧಿಕಾರಿ ಪೋರ್ಟರ್‌ನ ಕಬ್ಬಿಣದ ಹಡಗುಗಳಿಗೆ ಅಡಗಿಸಲಾಗಲಿಲ್ಲ. ದಾಟಲು ಕಾದಿದ್ದ ಯೂನಿಯನ್ ಜನರಲ್ ಗ್ರಾಂಟ್ ಎದುರು ದಂಡೆಗುಂಟ ಕೆಳಕ್ಕೆ ನಡೆದು ಮರುದಿನವೇ ಬ್ರೂಯಿನ್ಸ್‌ಬರ್ಗ್‌ನಲ್ಲಿ ಇಳಿದ. ಕಾಯುವವನು ಒಂದೇ ಕಡವಿನಲ್ಲಿ ಎಲ್ಲ ಬಲ ರಾಶಿ ಹಾಕದಂತೆ ತಡೆಯುವುದು ಈ ನಿಯಮವೇ.