ಹಳ್ಳಕ್ಕಿಳಿಯಿರಿ, ಮೀನು ಎಣಿಸಿ: ಸಮೀಕ್ಷೆ ಗೆಲ್ಲಿಸುವ 9 ಸೂತ್ರಗಳು

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದೀರಾ? ಹುಲಿ, ಆನೆಗಳ ಹಿಂದೆ ಆಗಲೇ ದೊಡ್ಡ ಸಾಲಿದೆ. ನೀವು ಹಳ್ಳಕ್ಕಿಳಿಯಿರಿ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದದ್ದು 1964ರಲ್ಲಿ. ಅದಾಗಿ 40 ವರ್ಷ ಕಳೆದ ಮೇಲೂ ಆ ನದಿಯಲ್ಲಿ ವಿಜ್ಞಾನ ಹೆಸರಿಡದ ಮೀನುಗಳಿದ್ದವು. 2004ರಲ್ಲಿ ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಪುಟ್ಟ ಮೀಸೆಯ ಮೀನು, 2006ರಲ್ಲಿ ಶಿಸ್ಟುರಾ ನಾಗೋಡಿಯೆನ್ಸಿಸ್ ಎಂಬ ಲೋಚ್ ಮೀನು ದಾಖಲಾದವು. ನಾಗೋಡಿ ಎಂಬ ಮಲೆನಾಡಿನ ಊರು ಹೀಗೆ ಜಗತ್ತಿನ ಮೀನುಗಳ ಪಟ್ಟಿ ಸೇರಿತು. ಮುಂದಿನ ಹೆಸರು ನಿಮ್ಮೂರಿನದೇ ಯಾಕಾಗಬಾರದು?

1. ಪ್ರಶ್ನೆ ಚಿಕ್ಕದಿರಲಿ.
'ಪಶ್ಚಿಮ ಘಟ್ಟದ ಮೀನುಗಳು' ಅಂದರೆ ಅದು ವಿಷಯ ಅಲ್ಲ, ಬರೀ ಆಸೆ. 'ಅಡಿಕೆ ತೋಟದ ಮೇಲಿನ ಹಳ್ಳದಲ್ಲಿ ಯಾವ ಮೀನಿದೆ, ತೋಟ ದಾಟಿದ ಮೇಲೆ ಯಾವುದು ಉಳಿದಿದೆ?' ಎಂದು ಕೇಳಿ. ಇದನ್ನು ಒಂದು ವರ್ಷದಲ್ಲಿ ಮುಗಿಸಬಹುದು.

2. ಅನುಮತಿ ಮೊದಲು, ಬಲೆ ಆಮೇಲೆ.
ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ನೀರಿಗೆ ಕಾಲಿಡಬೇಡಿ. ಕಡತ ನಿಧಾನವಾಗಿ ಚಲಿಸುತ್ತದೆ, ಆರು ತಿಂಗಳು ಮುಂಚೆಯೇ ಅರ್ಜಿ ಹಾಕಿ.

3. ಊರವರಿಂದ ಕಲಿಯಿರಿ.
ಮುಂಗಾರಿನ ಮೊದಲ ನೀರಿಗೆ ಮೀನುಗಳು ಮೊಟ್ಟೆಯಿಡಲು ಹಳ್ಳ ಹತ್ತಿ ಗದ್ದೆಗೆ ನುಗ್ಗುತ್ತವೆ. ಮಲೆನಾಡಿಗರಿಗೆ ಇದು ಹತ್ತುಮೀನಿನ ಕಾಲ. ಯಾವ ಮೀನು ಯಾವ ಮಳೆಗೆ ಹತ್ತುತ್ತದೆ, ಯಾವ ಗುಂಡಿ ಬೇಸಿಗೆಯಲ್ಲೂ ಬತ್ತುವುದಿಲ್ಲ ಎನ್ನುವುದು ಮೀನು ಹಿಡಿಯುವ ಕೂಣಿ ಇಟ್ಟು ಬೆಳೆದವರಿಗೆ ಬಾಯಿಪಾಠ. ಜಗಲಿಯ ಮೇಲೆ ಕೂತು ಕೇಳಿ: "ಅಜ್ಜಾ, ನೀವು ಹುಡುಗರಾಗಿದ್ದಾಗ ಸಿಗ್ತಿದ್ದು ಈಗ ಸಿಗದೇ ಇರೋ ಮೀನು ಯಾವ್ದು?" ಆ ಒಂದು ಉತ್ತರ ನಿಮ್ಮ ವಾರದ ಕೆಲಸ ಉಳಿಸುತ್ತದೆ. ಊರಿನ ಹೆಸರನ್ನು ಕೇಳಿದ ಹಾಗೇ ಬರೆದುಕೊಳ್ಳಿ. ಘಟ್ಟ ಇಳಿದರೆ ಅದೇ ಮೀನಿಗೆ ಬೇರೆ ಹೆಸರಿರುತ್ತದೆ.

4. ಹಳ್ಳದ ಎಲ್ಲ ಮನೆಗಳ ಬಾಗಿಲು ತಟ್ಟಿ.
100 ಮೀಟರ್ ಹಳ್ಳ ಗುರುತಿಸಿ. ಅದರೊಳಗೆ ಆಳದ ಗುಂಡಿ, ಕಲ್ಲಿನ ಮೇಲೆ ಸದ್ದು ಮಾಡುತ್ತಾ ಹರಿಯುವ ತೆಳು ನೀರು, ಬೇರುಗಳ ಪೊದೆ, ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿ. ಗುಂಡಿಗೆ ಬೀಸುಬಲೆ ಸಾಕು. ಕಲ್ಲಿನಡಿ ಅವಿತ ಲೋಚ್‌ಗೆ ಅದು ಪ್ರಯೋಜನವಿಲ್ಲ. ಅಲ್ಲಿ ಒಬ್ಬರು ಹರಿವಿನ ಕೆಳಗೆ ಕೈಬಲೆ ಹಿಡಿಯಲಿ, ಇನ್ನೊಬ್ಬರು ಮೇಲಿನ ಕಲ್ಲು ಎತ್ತಲಿ. ನೋಡಿದ ಮೇಲೆ ಕಲ್ಲನ್ನು ಇದ್ದಲ್ಲೇ, ಇದ್ದ ಹಾಗೇ ಇಡಿ. ಅದರಡಿ ಮೊಟ್ಟೆಯಿರಬಹುದು. ಎಷ್ಟು ಸಲ ಬಲೆ ಬೀಸಿದಿರಿ, ಎಷ್ಟು ನಿಮಿಷ ಹುಡುಕಿದಿರಿ ಎಂದು ಬರೆಯಿರಿ. ಶ್ರಮ ಸಮವಾಗಿದ್ದರೆ ಮಾತ್ರ ಎರಡು ಹಳ್ಳಗಳನ್ನು ಹೋಲಿಸಬಹುದು.

5. ಸೊನ್ನೆಯನ್ನೂ ಬರೆಯಿರಿ.
ಈ ಪಟ್ಟಿಯಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಆರಿಸುವುದು ಇದನ್ನು. ಮೂರು ತಾಸು ಬಲೆ ಬೀಸಿ ಏನೂ ಸಿಗದಿದ್ದರೆ ಹುಡುಗರು ಪುಟ ಖಾಲಿ ಬಿಟ್ಟು ಮನೆಗೆ ಹೋಗುತ್ತಾರೆ. ಹಾಗೆ ಮಾಡಬೇಡಿ. ದಿನಾಂಕ, ಜಾಗ, ಶ್ರಮ, ನೀರಿನ ಉಷ್ಣಾಂಶ, ಕರಗಿದ ಆಮ್ಲಜನಕ, ಮೀನು 0. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ದಡದ ಮರ ಕಡಿದು ನೆರಳು ಹೋದ ಹಳ್ಳದಲ್ಲಿ ನಿಮ್ಮ ಸೊನ್ನೆಗೆ ಕಾರಣ ಈ ಅಂಕಿಯಲ್ಲೇ ಸಿಗಬಹುದು. 'ನನ್ನ ಬಲೆ ಸರಿ ಇರಲಿಲ್ಲವೇನೋ' ಎಂಬ ಅನುಮಾನ ಬಂತೇ? ಕೊರಗಬೇಡಿ. ಮರುದಿನ ಅದೇ ಜಾಗಕ್ಕೆ ಅಷ್ಟೇ ಸಲ ಬಲೆ ಹಾಕಿ.

6. ಕೊಲ್ಲುವುದು ಕಡಿಮೆ, ಸಾಕ್ಷಿ ಜಾಸ್ತಿ.
ಕೈ ಒದ್ದೆ ಮಾಡಿಕೊಂಡು ಮೀನು ಹಿಡಿಯಿರಿ. ಎಡಮಗ್ಗುಲ ಫೋಟೊ, ಪಕ್ಕದಲ್ಲಿ ಅಳತೆಪಟ್ಟಿ, ಬಿಡುಗಡೆ. ಮಾದರಿ ಇಟ್ಟುಕೊಳ್ಳಲೇಬೇಕಾದರೆ ಅನುಮತಿ ಪತ್ರದಲ್ಲಿ ಇರುವಷ್ಟೇ ತೆಗೆದುಕೊಳ್ಳಿ. ಮೊದಲು ರೆಕ್ಕೆಯ ಚೂರೊಂದನ್ನು ಶುದ್ಧ ಎಥನಾಲ್‌ಗೆ ಹಾಕಿ, ಆಮೇಲೆ ಮೀನನ್ನು ಶೇ 10ರ ಫಾರ್ಮಲಿನ್‌ಗೆ. ಈ ಕ್ರಮ ತಪ್ಪಿದರೆ ಡಿಎನ್‌ಎ ಕೆಡುತ್ತದೆ. ಮಾದರಿಯನ್ನು ನಿಮ್ಮ ಕಾಲೇಜಿನ ಕಪಾಟಿನಲ್ಲಿ ಕೊಳೆಯಲು ಬಿಡದೆ ಮಾನ್ಯ ಸಂಗ್ರಹಾಲಯಕ್ಕೆ ಕೊಟ್ಟು ನಂಬರ್ ಪಡೆಯಿರಿ. ಮುಂದೆ ಯಾರಾದರೂ 'ನಿಜವಾಗಿ ಆ ಮೀನೇ?' ಎಂದರೆ ಆ ನಂಬರ್ ಉತ್ತರ ಕೊಡುತ್ತದೆ.

7. ಹೆಸರಿಡಲು ಆತುರ ಬೇಡ.
ಕಾವೇರಿಯ ಬಿಳಿ ಮೀನು, ಅಂದರೆ ಬೆನ್ನುಬ್ಬಿನ ಮಹಶೀರ್, ನೂರು ವರ್ಷಕ್ಕೂ ಹೆಚ್ಚು ಕಾಲ ಗಾಳಗಾರರ ಲೋಕದಲ್ಲಿ ಪ್ರಸಿದ್ಧ. ಅದರ ವೈಜ್ಞಾನಿಕ ಹೆಸರು ಟೋರ್ ರೆಮಾದೇವಿ ಎಂದು ಇತ್ಯರ್ಥವಾದದ್ದು ಮಾತ್ರ 2018ರಲ್ಲಿ. ಅದೇ ವರ್ಷ ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ ಅದನ್ನು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಸಾಲಿಗೆ ಸೇರಿಸಿತು. ಹೆಸರು ಗೊಂದಲದಲ್ಲಿರುವ ತನಕ ರಕ್ಷಣೆಯೂ ಗೊಂದಲದಲ್ಲೇ ಇರುತ್ತದೆ. ಆದ್ದರಿಂದ ಹುರುಪೆ ಎಣಿಸಿ, ರೆಕ್ಕೆಯ ಕಡ್ಡಿ ಎಣಿಸಿ. ಸಿಹಿನೀರ ಮೀನುಗಳ ಬಗ್ಗೆ ಜಯರಾಮ್ ಅವರ ಪುಸ್ತಕ ತೆರೆಯಿರಿ, ಫ್ರಾನ್ಸಿಸ್ ಡೇ ಅವರ 19ನೇ ಶತಮಾನದ ಚಿತ್ರ ನೋಡಿ. ಈಗ ಚಾಲ್ತಿಯಲ್ಲಿರುವ ಹೆಸರನ್ನು ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಖಚಿತ ಮಾಡಿಕೊಳ್ಳಿ. ಗೊತ್ತಾಗದಿದ್ದರೆ 'ಶಿಸ್ಟುರಾ, ಪ್ರಭೇದ ತಿಳಿಯದು' ಎಂದು ಧೈರ್ಯವಾಗಿ ಬರೆಯಿರಿ. ಹೊಸ ಮೀನು ಸಿಗುವುದು ಇಂಥ ಸಾಲುಗಳಲ್ಲೇ.

8. ಎರಡು ಋತು, ಒಂದು ಎಚ್ಚರ.
ಮಳೆ ನಿಂತ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಹೋಗಿ. ಬೆಟ್ಟದ ಮೇಲೆ ಮೋಡ ಕವಿದರೆ ದಡಕ್ಕೆ ಬನ್ನಿ, ಹಳ್ಳದ ನೀರು ಏರಲು ಹೆಚ್ಚು ಹೊತ್ತು ಬೇಡ. ಬೇಸಿಗೆ ಶಿವಮೊಗ್ಗ ಸೀಮೆಯಲ್ಲಿ ಮಂಗನ ಕಾಯಿಲೆಯ ಕಾಲವೂ ಹೌದು. ಅದನ್ನು ಹರಡುವ ಉಣುಗು ಕಚ್ಚದಂತೆ ಎಣ್ಣೆ ಹಚ್ಚಿ, ಸಂಜೆ ಮೈ ನೋಡಿಕೊಳ್ಳಿ, ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ. ಒಂದು ಹಳ್ಳದ ಬಲೆಯನ್ನು ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸದೆ ಇನ್ನೊಂದಕ್ಕೆ ಹಾಕಬೇಡಿ. ರೋಗ ಹರಡುವ ಏಜೆಂಟ್ ನೀವಾಗಬಾರದು. ಜಿಲೇಬಿ ಮೀನು ಸಿಕ್ಕರೆ ದೊಡ್ಡಕ್ಷರದಲ್ಲಿ ಬರೆಯಿರಿ. ಅದು ಆಫ್ರಿಕಾದಿಂದ ಬಂದದ್ದು. ತಲೆಹಳ್ಳದವರೆಗೂ ಹತ್ತಿದ್ದರೆ ಅದೇ ಸುದ್ದಿ.

9. ಮಾಹಿತಿಯನ್ನು ಪೆನ್‌ಡ್ರೈವ್‌ನಿಂದ ಹೊರಗೆ ತನ್ನಿ.
2011ರ ಐಯುಸಿಎನ್ ವರದಿ ಪ್ರಕಾರ ಪಶ್ಚಿಮ ಘಟ್ಟದ ಸಿಹಿನೀರ ಮೀನು ಪ್ರಭೇದಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಅಪಾಯದಲ್ಲಿವೆ. ಇನ್ನೊಂದು ಕಡೆ, 2006ರ ಪರಿಸರ ಅಧಿಸೂಚನೆ 25 ಮೆಗಾವಾಟ್‌ಗಿಂತ ಸಣ್ಣ ಜಲವಿದ್ಯುತ್ ಯೋಜನೆಗಳನ್ನು ಪರಿಸರ ಅನುಮತಿಯ ಹೊರಗಿಟ್ಟಿತು. ಇಂಥ ಯೋಜನೆ ಬರುವುದು ಇದೇ ಹಳ್ಳಗಳಿಗೆ. ಅಲ್ಲಿ ಯಾವ ಮೀನಿತ್ತು ಎನ್ನುವುದಕ್ಕೆ ನಿಮ್ಮ ನೋಟ್‌ಬುಕ್ ಒಂದೇ ದಾಖಲೆ ಆಗಬಹುದು. ಪೇಪರ್ ಬರೆಯಿರಿ, ಅಂಕಿ-ಅಂಶವನ್ನು ಎಲ್ಲರಿಗೂ ಸಿಗುವ ಡೇಟಾಬೇಸ್‌ಗೆ ಹಾಕಿ. 'ಮಿಸ್ ಕೇರಳ' ಎಂಬ ಮೀನಿನಂತೆ ಅಕ್ವೇರಿಯಂ ವ್ಯಾಪಾರಿಗಳು ಬೆನ್ನು ಹತ್ತುವ ಮೀನಾದರೆ ನಿಖರ ಜಿಪಿಎಸ್ ಕೊಡಬೇಡಿ. ಕನ್ನಡದಲ್ಲಿ ಎರಡು ಪುಟದ ಪಟ್ಟಿ ಮಾಡಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ, ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸಲು ಹೇಳಿ. ಆ ಪಟ್ಟಿಯ ಮೊದಲ ಕಾಲಂನಲ್ಲಿ ಜಗಲಿಯ ಅಜ್ಜ ಹೇಳಿದ ಹೆಸರುಗಳಿರಲಿ, ಲ್ಯಾಟಿನ್ ಎರಡನೆಯದರಲ್ಲಿ.