ಸೊಟ್ಟಪಾದದ ಮಗು: ಮಾಡಬೇಕಾದ್ದು, ಮಾಡಬಾರದ್ದು

ಮುಂಬಯಿಯ ಪರೇಲಿನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ 1929ರಿಂದ ಇದೆ, ಹತ್ತಿರದಲ್ಲೇ ಕೆಇಎಂ ಆಸ್ಪತ್ರೆ. ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬಯಿಗೆ ದುಡಿಯಲು ಬಂದವರು ಮಗುವನ್ನು ಎತ್ತಿಕೊಂಡು ಅಲ್ಲಿಗೆ ಹೊರಡುವ ಮೊದಲೇ ಇದನ್ನು ಓದಿಕೊಳ್ಳಿ.

ಪಾದ ಒಳಕ್ಕೆ ತಿರುಗಿದ್ದರೆ ಹುಟ್ಟಿದ ಮೊದಲ ವಾರಗಳಲ್ಲೇ ತೋರಿಸಿ. ಎಣ್ಣೆ ತಿಕ್ಕಿ ಎಳೆದರೆ ನೆಟ್ಟಗಾಗುವುದಿಲ್ಲ. ಗ್ರಹಣ ನೋಡಿದ್ದಕ್ಕೇ ಹೀಗಾಯಿತೆಂದು ಬಾಣಂತಿಯನ್ನು ದೂರಬೇಡಿ. ಸಾವಿರಕ್ಕೆ ಸುಮಾರು ಒಂದು ಮಗು ಹೀಗೆ ಹುಟ್ಟುತ್ತದೆ.

ಸೊಟ್ಟಪಾದವನ್ನು ತಿದ್ದುವ ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್, ತೊಡೆಯವರೆಗೆ. ಊರಿನ ಜಾತ್ರೆಗೆಂದು ಒಂದು ವಾರವನ್ನೂ ತಪ್ಪಿಸಬೇಡಿ. ಪ್ಲಾಸ್ಟರ್ ನೆನೆಯಬಾರದು; ಸ್ನಾನದ ಬದಲು ಮೈ ಒರೆಸಿ. ಬದಲಿಸುವ ಹಿಂದಿನ ರಾತ್ರಿ ಮನೆಯಲ್ಲೇ ಬಿಚ್ಚಬೇಡಿ, ತಿದ್ದಿದ ಪಾದ ಮತ್ತೆ ತಿರುಗೀತು. ಕಾಲ್ಬೆರಳನ್ನು ಆಗಾಗ ಒತ್ತಿ ನೋಡಿ: ಬೆಳ್ಳಗಾದದ್ದು ಕೂಡಲೇ ಕೆಂಪಾಗಬೇಕು. ನೀಲಿಗಟ್ಟಿದರೆ, ತಣ್ಣಗಾದರೆ, ಊದಿದರೆ, ಬೆರಳುಗಳು ಒಳಗೆ ಸರಿದು ಕಾಣದಾದರೆ ಬೆಳಗಾಗಲೆಂದು ಕಾಯಬೇಡಿ. ತೊಡೆಗೆ ಹಾಕುವ ಲಸಿಕೆ ಯಾವತ್ತು ಎಂದು ಪ್ಲಾಸ್ಟರ್ ಬದಲಿಸುವವರನ್ನೇ ಮೊದಲು ಕೇಳಿ.

"ನರ ಕತ್ತರಿಸುತ್ತಾರಂತೆ" ಎಂಬ ಮಾತು ಕೇಳಿ ಓಡಿಹೋಗುವವರಿದ್ದಾರೆ. ಹೋಗಬೇಡಿ. ಈ ಪ್ಲಾಸ್ಟರುಗಳ ಕೊನೆಯಲ್ಲಿ ಕತ್ತರಿಸುವುದು ನರವನ್ನಲ್ಲ, ಹಿಮ್ಮಡಿಯ ಮೇಲಿನ ಬಿಗಿದ ಸ್ನಾಯುರಜ್ಜುವನ್ನು. ಹೆಚ್ಚಿನ ಮಕ್ಕಳಿಗೆ ಇದು ಬೇಕಾಗುತ್ತದೆ. ಆಮೇಲೆ ಹಾಕುವ ಮೂರು ವಾರದ ಪ್ಲಾಸ್ಟರಿನೊಳಗೇ ಅದು ಉದ್ದವಾಗಿ ಕೂಡಿಕೊಳ್ಳುತ್ತದೆ.

ನಿಜವಾದ ಪರೀಕ್ಷೆ ಇಲ್ಲಿಂದ. ಪಾದ ನೆಟ್ಟಗಾಯಿತು, ಮನೆಯವರಿಗೆಲ್ಲ ಖುಷಿ, ಕೊನೆಯ ಪ್ಲಾಸ್ಟರ್ ತೆಗೆದ ಮೇಲೆ ಕೊಡುವ, ಪಟ್ಟಿಯಿಂದ ಜೋಡಿಸಿದ ಬೂಟು ಮೂಲೆ ಸೇರುತ್ತದೆ. ಪಾದ ಮತ್ತೆ ಸೊಟ್ಟಗಾಗುವುದು ಬಹುಪಾಲು ಹೀಗೆಯೇ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ ಬೂಟು ಇರಲೇಬೇಕು. ಉಳಿದ ಒಂದು ಗಂಟೆ ಸ್ನಾನಕ್ಕೆ. ಆಮೇಲೆ ಮಲಗುವಾಗಲೆಲ್ಲ, ನಾಲ್ಕೈದು ವರ್ಷದವರೆಗೆ. ಒಂದೇ ಪಾದ ಸೊಟ್ಟವಿದ್ದರೂ ಎರಡಕ್ಕೂ ತೊಡಿಸಿ. ಮೊದಲ ದಿನಗಳಲ್ಲಿ ಮಗು ಅಳುತ್ತದೆ. ಎತ್ತಿಕೊಳ್ಳಿ, ಆಡಿಸಿ, ಬಿಚ್ಚಬೇಡಿ. "ಪಾಪ, ಇವತ್ತೊಂದು ರಾತ್ರಿ ಬಿಡು" ಎನ್ನುವ ಅಜ್ಜಿಯನ್ನು ಒಮ್ಮೆ ಆಸ್ಪತ್ರೆಗೆ ಕರೆದೊಯ್ಯಿರಿ, ವೈದ್ಯರ ಬಾಯಲ್ಲೇ ಕೇಳಲಿ. ಒಳಗೆ ಹತ್ತಿಯ ಕಾಲುಚೀಲವಿರಲಿ. ಚರ್ಮ ಕೆಂಪಾದಲ್ಲಿ ಎಣ್ಣೆ, ಮುಲಾಮು ಹಚ್ಚಬೇಡಿ. ಗುಳ್ಳೆ ಎದ್ದರೆ ಬೂಟು ತೊಡಿಸಿಕೊಂಡೇ ತೋರಿಸಲು ಬನ್ನಿ, ಹಿಮ್ಮಡಿ ಜಾರುತ್ತಿರಬಹುದು.

ಕೆಲಸ ಮುಗಿದು ಊರಿಗೆ ಮರಳುವವರು ಚಿಕಿತ್ಸೆಯ ಕಾಗದಗಳನ್ನು ಬಿಟ್ಟು ಹೋಗಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೊಟ್ಟಪಾದಕ್ಕೂ ಉಚಿತ ಚಿಕಿತ್ಸೆಯಿದೆ. ಆಶಾ ಕಾರ್ಯಕರ್ತೆಯನ್ನೋ ಜಿಲ್ಲಾಸ್ಪತ್ರೆಯನ್ನೋ ವಿಚಾರಿಸಿ. ಹಳೆಯ ಬೂಟು ಸಣ್ಣದಾಗುವ ಮೊದಲೇ ಹೊಸ ಅಳತೆಯದನ್ನು ಕೇಳಿ ಪಡೆಯಿರಿ.