ಸೊಸೆ ಬಡಿಸಿದ ಊಟದ ಲೆಕ್ಕ

ಬೇರೊಬ್ಬರು ಅಡುಗೆ ಮಾಡುವ ಮನೆಯಲ್ಲಿ ಮಧುಮೇಹಿಗಳು ಕ್ಯಾಲೊರಿಯನ್ನು ಅಂದಾಜಿಸುವುದೆಂತು? ರೊಟ್ಟಿಯ ಲೆಕ್ಕ ಸುಲಭ: 50 ಗ್ರಾಂ ಜೋಳದ ಹಿಟ್ಟಿಗೆ ಸುಮಾರು 170 ಕ್ಯಾಲೊರಿ. ಲೆಕ್ಕಕ್ಕೆ ಸಿಗದಿರುವುದು ಎಣ್ಣೆಗಾಯಿಯ ಎಣ್ಣೆ, ಮಸಾಲೆಯಲ್ಲಿ ಅರೆದುಹೋದ ಶೇಂಗಾ. ದೊಡ್ಡ ಚಮಚ ಎಣ್ಣೆಯೊಂದರಲ್ಲೇ ಸುಮಾರು 120 ಕ್ಯಾಲೊರಿ. ಊಟಕ್ಕೆ ಕುಳಿತು ಸೊಸೆಯನ್ನು ಪ್ರಶ್ನಿಸುವುದು ನಮಗೆ ಸರಿಕಾಣದು. ಆಕೆಯ ಅಳತೆ ಕೈಯಳತೆ. ತಿಂಗಳಿಗೆ ಮನೆಗೆ ಬರುವ ಎಣ್ಣೆಯನ್ನು ನೋಡಿರಿ. ನಾಲ್ವರಿಗೆ 4 ಲೀಟರ್ ಮುಗಿದರೆ ತಲಾ ದಿನಕ್ಕೆ 30 ಗ್ರಾಂ, ಅಂದರೆ ಸುಮಾರು 270 ಕ್ಯಾಲೊರಿ.

ಇದನ್ನರಿಯದೆ ರೊಟ್ಟಿಯನ್ನೇ ತೊರೆದು, ಇನ್ಸುಲಿನ್ ಮಾತ್ರ ಎಂದಿನಂತೆ ತೆಗೆದುಕೊಂಡು, ಬೆವೆತು ಕುಸಿದವರನ್ನು ನಾವು ಕಂಡಿದ್ದೇವೆ. ರೊಟ್ಟಿ ಎಂದಿನಷ್ಟೇ ಇರಲಿ. ತಟ್ಟೆಗೆ ಬಿದ್ದುದನ್ನು ಬಿಡಲಾಗದು. ಆದ್ದರಿಂದ ಮೇಲೆ ತೇಲುವ ಎಣ್ಣೆಯನ್ನು ಪಾತ್ರೆಯಲ್ಲೇ ಉಳಿಸಿ ಬಡಿಸುವಂತೆ ಮೊದಲೇ ಹೇಳಿರಿ. ಔಷಧದ ಪ್ರಮಾಣವನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿರಿ.